ಮನೆಯ ಕಂಪ್ಯೂಟರಿಗೆ ಸ್ಪೈವೇರ್ ಕಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪೈವೇರ್ ಎಂದರೆ ನಿಮಗೆ ಗೊತ್ತಾಗದಂತೆ ಕಂಪ್ಯೂಟರಿನೊಳಗೆ ಸೇರಿ ಮಾಹಿತಿ ಕದಿಯುವ ತಂತ್ರಾಂಶ. ಇಲ್ಲಿರುವುದು ಹೆಚ್ಚಾಗಿ ವಿಂಡೋಸ್ 10 ಮತ್ತು 11 ಇರುವ ಕಂಪ್ಯೂಟರ್, ಲ್ಯಾಪ್‌ಟಾಪ್‌ಗಳ ಮಾತು. ಮೆನು ಹೆಸರುಗಳನ್ನು ತೆರೆಯ ಮೇಲೆ ಕಾಣುವ ಹಾಗೆಯೇ ಕೊಟ್ಟಿದ್ದೇವೆ. ಈಗಷ್ಟೇ ಏನನ್ನೋ ಒತ್ತಿಬಿಟ್ಟು ಗಾಬರಿಯಲ್ಲಿದ್ದರೆ ಮೊದಲು ಕಂಪ್ಯೂಟರಿನ ವೈಫೈ ಆಫ್ ಮಾಡಿ, ಮುಂದಿನದನ್ನು ಮೊಬೈಲಿನಲ್ಲಿ ಓದಿ.

ನಮ್ಮ ಕಂಪ್ಯೂಟರಿನಲ್ಲಿ ಕದಿಯುವಂಥದ್ದು ಏನಿದೆ?

ಬ್ರೌಸರ್ ಇದೆಯಲ್ಲ, ಅಷ್ಟು ಸಾಕು. ಇಪ್ಪತ್ತು ವರ್ಷದ ಹಿಂದಿನ ಸ್ಪೈವೇರ್ ಹೋಮ್‌ಪೇಜ್ ಬದಲಿಸಿ, ಬೇಡದ ಟೂಲ್‌ಬಾರ್ ಕೂರಿಸಿ, ಜಾಹೀರಾತು ತೋರಿಸಿ ಕಾಸು ಮಾಡುತ್ತಿತ್ತು. ಈಗ ಮನೆಗಳಿಗೆ ನುಗ್ಗುವುದು ಇನ್ಫೋಸ್ಟೀಲರ್ ಎಂಬ ಜಾತಿ. ರೆಡ್‌ಲೈನ್, ವಿಡಾರ್, ಲುಮ್ಮಾ ಇವೆಲ್ಲ ಅದೇ ಕುಲದವು. ಶುರುವಾದ ಕೆಲವೇ ನಿಮಿಷಗಳಲ್ಲಿ ಅದು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಕಾರ್ಡ್ ವಿವರ, ಕುಕಿಗಳು, ಟೆಲಿಗ್ರಾಂ ಡೆಸ್ಕ್‌ಟಾಪ್‌ನ ಲಾಗಿನ್, ಕ್ರಿಪ್ಟೊ ವಾಲೆಟ್, ಡೆಸ್ಕ್‌ಟಾಪಿನ ಮೇಲೆ ಬಿದ್ದಿರುವ ಟೆಕ್ಸ್ಟ್ ಫೈಲುಗಳನ್ನೆಲ್ಲ ಗುಡ್ಡೆ ಹಾಕಿ ಕಳ್ಳರ ಸರ್ವರಿಗೆ ಸಾಗಿಸುತ್ತದೆ. ಎಷ್ಟೋ ಸಲ ಕೆಲಸ ಮುಗಿದ ಮೇಲೆ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಹಲವು ದೇಶಗಳ ಪೊಲೀಸರು ಸೇರಿ ಲುಮ್ಮಾ ಜಾಲವನ್ನು ಕತ್ತರಿಸಿದಾಗ, ಅದಕ್ಕೆ ಹಿಂದಿನ ಎರಡೇ ತಿಂಗಳಲ್ಲಿ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರುಗಳಿಗೆ ಅದು ತಗುಲಿದ್ದು ಗೊತ್ತಾಯಿತು.

ಇದರಲ್ಲಿ ಜನ ಹಗುರವಾಗಿ ತೆಗೆದುಕೊಳ್ಳುವುದು ಕುಕಿಯನ್ನು. ಜಿಮೇಲಿಗೆ ಒಮ್ಮೆ ಲಾಗಿನ್ ಆದರೆ ತಿಂಗಳುಗಟ್ಟಲೆ ಪಾಸ್‌ವರ್ಡ್ ಕೇಳುವುದಿಲ್ಲವಲ್ಲ, ಅದು ಸೆಷನ್ ಕುಕಿಯ ಕೆಲಸ, ಅಂದರೆ ನೀವು ಲಾಗಿನ್ ಆಗಿದ್ದೀರಿ ಎಂದು ಬ್ರೌಸರ್ ಇಟ್ಟುಕೊಳ್ಳುವ ಗುರುತಿನ ಚೀಟಿಯ ಕೆಲಸ. ಆ ಕುಕಿ ಕಳ್ಳನ ಕೈ ಸೇರಿದರೆ ಅವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಆಗಲೇ ಲಾಗಿನ್ ಆಗಿರುವ ನಿಮ್ಮ ಖಾತೆಯೊಳಗೇ ಬಂದು ಕೂರುತ್ತಾನೆ.

ಕಂಪ್ಯೂಟರ್ ತುಂಬಾ ನಿಧಾನವಾಗಿದೆ. ಸ್ಪೈವೇರ್ ಇರಬಹುದೇ?

ಇರಬಹುದು, ಆದರೆ ಬಹಳಷ್ಟು ಸಲ ಕಾರಣ ಹಳೆಯ ಹಾರ್ಡ್‌ಡಿಸ್ಕ್, 4 ಜಿಬಿ ರ‍್ಯಾಮ್, ಇಲ್ಲವೇ ತುಂಬಿ ತುಳುಕುವ ಸಿ ಡ್ರೈವ್. ಇನ್ಫೋಸ್ಟೀಲರ್ ಬಂದು ಹೋದದ್ದು ಕಂಪ್ಯೂಟರಿನ ವೇಗದಲ್ಲಿ ಗೊತ್ತೇ ಆಗುವುದಿಲ್ಲ. ನಿಜವಾದ ಸುಳಿವುಗಳು ಬೇರೆ: ನೀವು ಮಾಡದ ಲಾಗಿನ್ ಬಗ್ಗೆ ಗೂಗಲ್‌ನಿಂದ ಮೇಲ್, ನಿಮ್ಮ ಇನ್‌ಸ್ಟಾಗ್ರಾಂನಿಂದ ಗೆಳೆಯರಿಗೆ ಹೋದ ವಿಚಿತ್ರ ಸಂದೇಶ, ತಾನಾಗಿ ಆಫ್ ಆದ ಡಿಫೆಂಡರ್ (ವಿಂಡೋಸ್‌ನದೇ ಆಂಟಿವೈರಸ್), ಹುಡುಕಾಟವನ್ನು ಬೇರೆಲ್ಲೋ ತಿರುಗಿಸುವ ಬ್ರೌಸರ್.

ಅದು ಒಳಗೆ ಬರುವುದು ಎಲ್ಲಿಂದ?

ಮೊದಲ ಸ್ಥಾನ ಕ್ರ್ಯಾಕ್ ಮಾಡಿದ ತಂತ್ರಾಂಶಕ್ಕೆ. ಪುಕ್ಕಟೆ ಫೋಟೋಶಾಪ್, ಆಫೀಸ್ ಆಕ್ಟಿವೇಟರ್, ಆಟಗಳ ಚೀಟ್ ಇವೆಲ್ಲ ಒಂದೇ ಸಾಲಿಗೆ ಸೇರಿದವು. ಇದರ ವೇಷ ಗುರುತು ಹಿಡಿಯುವುದು ಕಷ್ಟವಲ್ಲ. ಜಿಪ್ ಫೈಲಿಗೆ 1234ರಂಥ ಪಾಸ್‌ವರ್ಡ್ ಇರುತ್ತದೆ, ಆಂಟಿವೈರಸ್ ಒಳಗೆ ಇಣುಕಬಾರದು ಎಂದು. ಬಿಚ್ಚಿದರೆ ಒಳಗಿನ ಫೈಲ್ 700 ಎಂಬಿ ದಾಟಿರುತ್ತದೆ. ಅದರಲ್ಲಿ ಬಹುಪಾಲು ಬರೀ ಸೊನ್ನೆಗಳು. ಆನ್‌ಲೈನ್ ಸ್ಕ್ಯಾನರುಗಳು ಅಷ್ಟು ದೊಡ್ಡ ಫೈಲನ್ನು ತೆಗೆದುಕೊಳ್ಳದಿರಲಿ ಎಂದು ತುಂಬಿದ್ದು. ಜೊತೆಗೊಂದು ಸೂಚನೆ: ‘ಇನ್‌ಸ್ಟಾಲ್ ಮಾಡುವ ಮುಂಚೆ ಆಂಟಿವೈರಸ್ ಆಫ್ ಮಾಡಿ’. ಈ ಮೂರರಲ್ಲಿ ಒಂದು ಕಂಡರೂ ಅಳಿಸಿಬಿಡಿ.

ಎರಡನೆಯದು ಹುಡುಕಾಟದ ಫಲಿತಾಂಶದ ಮೇಲ್ತುದಿಯಲ್ಲಿ ಬರುವ ಜಾಹೀರಾತು. ವಿಎಲ್‌ಸಿ, 7-ಜಿಪ್, ಒಬಿಎಸ್ ಎಂದು ಹುಡುಕಿದಾಗ ಮೇಲ್ಗಡೆ ‘ಸ್ಪಾನ್ಸರ್ಡ್’ ಎಂದಿರುವ ಕೊಂಡಿ ಅಸಲಿಯ ತದ್ರೂಪಿ ತಾಣಕ್ಕೆ ಕರೆದೊಯ್ಯಬಹುದು. ಜಾಹೀರಾತನ್ನು ಬಿಟ್ಟು ಕೆಳಗಿನ ಕೊಂಡಿ ಒತ್ತಿ, ಇಲ್ಲವೇ ಮೈಕ್ರೋಸಾಫ್ಟ್ ಸ್ಟೋರಿನಿಂದ ಹಾಕಿಕೊಳ್ಳಿ.

ಮೇಲ್‌ನಲ್ಲಿ ಬರುವ ಲಗತ್ತು ಇನ್ನೂ ನಿಂತಿಲ್ಲ. ಇಂಟರ್ನೆಟ್‌ನಿಂದ ಬಂದ ಆಫೀಸ್ ಫೈಲುಗಳ ಮ್ಯಾಕ್ರೋಗಳನ್ನು (ಫೈಲಿನೊಳಗೇ ಅಡಕವಾದ ಆಜ್ಞೆಗಳನ್ನು) ಮೈಕ್ರೋಸಾಫ್ಟ್ 2022ರಲ್ಲಿ ತಡೆದ ಮೇಲೆ ಕಳ್ಳರು ಐಎಸ್‌ಒ, ಶಾರ್ಟ್‌ಕಟ್, ಜಾವಾಸ್ಕ್ರಿಪ್ಟ್ ಫೈಲುಗಳಿಗೆ ಹೊರಳಿದರು. ಫೈಲ್ ಯಾವ ಬಗೆಯದು ಎಂದು ಹೇಳುವ ಹೆಸರಿನ ಬಾಲವನ್ನು (ಎಕ್ಸ್‌ಟೆನ್ಶನ್) ವಿಂಡೋಸ್ ಮುಚ್ಚಿಡುವುದರಿಂದ ‘ಬಿಲ್.ಪಿಡಿಎಫ್.ಇಎಕ್ಸ್‌ಇ’ ಎಂಬುದು ‘ಬಿಲ್.ಪಿಡಿಎಫ್’ ಎಂದಷ್ಟೇ ಕಾಣುತ್ತದೆ. ಫೈಲ್ ಎಕ್ಸ್‌ಪ್ಲೋರರ್ ತೆರೆದು ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಟಿಕ್ ಮಾಡಿ. ಹತ್ತು ಸೆಕೆಂಡಿನ ಕೆಲಸ.

‘ನಾನು ರೋಬಾಟ್ ಅಲ್ಲ’ ಎಂದು ತೋರಿಸಲು ಒಂದು ಪುಟ ವಿಂಡೋಸ್ ಕೀ ಮತ್ತು ಆರ್ ಒತ್ತಲು ಹೇಳಿತು. ಹಾಗೇ ಮಾಡಿದೆ. ಏನಾಯಿತು?

ಕಳ್ಳ ಹೇಳಿಕೊಟ್ಟ ಆಜ್ಞೆಯನ್ನು ನೀವೇ ಕಂಪ್ಯೂಟರಿಗೆ ಕೊಟ್ಟಿರಿ. ಈ ಮೋಸಕ್ಕೆ ಕ್ಲಿಕ್‌ಫಿಕ್ಸ್ ಎಂದು ಹೆಸರು. ನೀವು ಚೌಕದ ಮೇಲೆ ಒತ್ತಿದ ಕ್ಷಣವೇ ಆ ಪುಟ ನಿಮ್ಮ ಕ್ಲಿಪ್‌ಬೋರ್ಡಿಗೆ ಒಂದು ಸಾಲನ್ನು ಸೇರಿಸಿರುತ್ತದೆ. ವಿಂಡೋಸ್ ಮತ್ತು ಆರ್ ಒತ್ತಿದರೆ ರನ್ ಪೆಟ್ಟಿಗೆ, ಕಂಟ್ರೋಲ್ ಮತ್ತು ವಿ ಒತ್ತಿದರೆ ಆ ಸಾಲು, ಎಂಟರ್ ಒತ್ತಿದರೆ ಮುಗಿಯಿತು. ಪೆಟ್ಟಿಗೆ ಕಿರಿದು, ಸಾಲು ಉದ್ದ. ಹಾಗಾಗಿ ಸಾಲಿನ ಕೊನೆಯಲ್ಲಿರುವ ‘ವೆರಿಫಿಕೇಶನ್ ಐಡಿ’ ಅಂತೇನೋ ಮಾತ್ರ ಕಣ್ಣಿಗೆ ಬೀಳುತ್ತದೆ. ಮೊದಲಲ್ಲಿರುವ ಪವರ್‌ಶೆಲ್ ಆಜ್ಞೆ ಎಡಗಡೆ ಮರೆಯಾಗಿರುತ್ತದೆ.

ಬ್ರೌಸರ್ ಇಲ್ಲಿ ಏನನ್ನೂ ಡೌನ್‌ಲೋಡ್ ಮಾಡಿರುವುದಿಲ್ಲ, ಆದ್ದರಿಂದ ಅದರ ಎಚ್ಚರಿಕೆಯೂ ಬರುವುದಿಲ್ಲ. ಯಾವ ಅಸಲಿ ಕ್ಯಾಪ್ಚಾ ಕೂಡ ಬ್ರೌಸರಿನ ಹೊರಗೆ ಏನನ್ನೂ ಮಾಡಲು ಹೇಳುವುದಿಲ್ಲ. ಎಂಟರ್ ಒತ್ತಿಬಿಟ್ಟಿದ್ದರೆ ಇಂಟರ್ನೆಟ್ ಕಡಿದುಹಾಕಿ. ರನ್ ಪೆಟ್ಟಿಗೆಯನ್ನು ಮತ್ತೆ ತೆರೆದು ಬಾಣದ ಗುರುತು ಒತ್ತಿದರೆ ಹಳೆಯ ಆಜ್ಞೆ ಸಿಗುತ್ತದೆ. ಅದನ್ನು ಓಡಿಸದೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ದೂರು ಕೊಡಲು ಬೇಕಾಗುತ್ತದೆ. ಆಮೇಲೆ ಕೆಳಗಿನ ‘ಕಳುವಾಗಿದೆ’ ಎಂಬ ಪ್ರಶ್ನೆಗೆ ಹೋಗಿ.

ದುಡ್ಡು ಕೊಟ್ಟು ಆಂಟಿವೈರಸ್ ಕೊಳ್ಳಬೇಕೇ?

ಮನೆ ಬಳಕೆಗೆ ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಸಾಕು, ಸರಿಯಾಗಿ ಹೊಂದಿಸಿದ್ದರೆ. ಎರಡು ಆಂಟಿವೈರಸ್ ಒಟ್ಟಿಗೆ ಇಡಬೇಡಿ, ಒಂದಕ್ಕೊಂದು ಅಡ್ಡ ಬರುತ್ತವೆ. ಹೊಸ ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಆಂಟಿವೈರಸ್ ಅವಧಿ ಮುಗಿದಿದ್ದರೆ ಸುಮ್ಮನೆ ಬಿಡದೆ ಅನ್‌ಇನ್‌ಸ್ಟಾಲ್ ಮಾಡಿ. ಆಗ ಡಿಫೆಂಡರ್ ಎಚ್ಚೆತ್ತುಕೊಳ್ಳುತ್ತದೆ.

ಪುಕ್ಕಟೆ ಆಂಟಿವೈರಸ್ ಎಂದರೆ ಕಣ್ಣು ಮುಚ್ಚಿ ನಂಬುವ ಹಾಗೂ ಇಲ್ಲ. ಅವಾಸ್ಟ್ ತನ್ನ ಬಳಕೆದಾರರ ಬ್ರೌಸಿಂಗ್ ವಿವರಗಳನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿದ್ದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಅದರಿಂದ 1.65 ಕೋಟಿ ಡಾಲರ್ ಕಕ್ಕಿಸಿತು.

ಡಿಫೆಂಡರಿನಲ್ಲಿ ಏನೇನು ನೋಡಬೇಕು?

ಸ್ಟಾರ್ಟ್ ಒತ್ತಿ ‘ವಿಂಡೋಸ್ ಸೆಕ್ಯುರಿಟಿ’ ಎಂದು ಟೈಪ್ ಮಾಡಿ ತೆರೆಯಿರಿ. ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್. ಅಲ್ಲಿ ರಿಯಲ್ ಟೈಮ್ ಪ್ರೊಟೆಕ್ಷನ್, ಕ್ಲೌಡ್ ಡೆಲಿವರ್ಡ್ ಪ್ರೊಟೆಕ್ಷನ್, ಟ್ಯಾಂಪರ್ ಪ್ರೊಟೆಕ್ಷನ್ ಮೂರೂ ಆನ್ ಇರಬೇಕು. ಅದೇ ಪುಟದ ಕೆಳಗೆ ಎಕ್ಸ್‌ಕ್ಲೂಶನ್ಸ್ ಇದೆ. ಬಹಳ ಜನ ನೋಡದೇ ಬಿಡುವ ಜಾಗ ಇದು. ಒಳಗೆ ಬಂದ ಸ್ಪೈವೇರ್ ಎಷ್ಟೋ ಸಲ ಮಾಡುವ ಮೊದಲ ಕೆಲಸವೇ ತನ್ನ ಫೋಲ್ಡರನ್ನು, ಕೆಲವೊಮ್ಮೆ ಇಡೀ ಸಿ ಡ್ರೈವನ್ನು ಈ ಪಟ್ಟಿಗೆ ಸೇರಿಸುವುದು. ಸೇರಿಸಿದ ಮೇಲೆ ಡಿಫೆಂಡರ್ ಹಸಿರು ಟಿಕ್ ತೋರಿಸುತ್ತಲೇ ಇರುತ್ತದೆ, ಆ ಜಾಗದ ಕಡೆ ಮಾತ್ರ ತಿರುಗಿ ನೋಡುವುದಿಲ್ಲ. ನೀವು ಸೇರಿಸದ ಯಾವುದೇ ಹೆಸರು ಅಲ್ಲಿದ್ದರೆ ತೆಗೆದುಹಾಕಿ, ಕೂಡಲೇ ಸ್ಕ್ಯಾನ್ ಮಾಡಿ.

ಇನ್ನೊಂದು: ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್ ಒಳಗೆ ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್ ಸೆಟ್ಟಿಂಗ್ಸ್. ಅಲ್ಲಿ ‘ಪೊಟೆನ್ಶಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್’ ಆನ್ ಮಾಡಿ, ಕೆಳಗಿನ ಎರಡೂ ಚೌಕಗಳಿಗೆ ಟಿಕ್ ಹಾಕಿ. ಟೂಲ್‌ಬಾರ್, ‘ಪಿಸಿ ಕ್ಲೀನರ್’ ಜಾತಿಯ ಕಸ ಇಲ್ಲೇ ನಿಲ್ಲುತ್ತದೆ.

ಸ್ಕ್ಯಾನ್ ಮಾಡುವ ಸರಿಯಾದ ಕ್ರಮ ಯಾವುದು?

ಮೊದಲು ವಿಂಡೋಸ್ ಅಪ್‌ಡೇಟ್. ಆಮೇಲೆ ಸ್ಕ್ಯಾನ್ ಆಪ್ಶನ್ಸ್‌ಗೆ ಹೋಗಿ ಫುಲ್ ಸ್ಕ್ಯಾನ್. ಹಾರ್ಡ್‌ಡಿಸ್ಕ್ ದೊಡ್ಡದಿದ್ದರೆ ಗಂಟೆಗಳೇ ಹಿಡಿಯುತ್ತವೆ, ರಾತ್ರಿ ಹಚ್ಚಿ ಮಲಗಿ. ಅದಾದ ಮೇಲೆ ಅಲ್ಲೇ ಇರುವ ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್. ಇದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ವಿಂಡೋಸ್ ಮೇಲೇಳುವ ಮುಂಚೆಯೇ ಹುಡುಕುತ್ತದೆ, ಹೆಚ್ಚುಕಡಿಮೆ 15 ನಿಮಿಷ. ವಿಂಡೋಸ್ ಓಡುತ್ತಿರುವಾಗ ಅವಿತುಕೊಳ್ಳುವ ರೂಟ್‌ಕಿಟ್ ಇಲ್ಲಿ ಬಯಲಾಗುತ್ತದೆ. ತೆರೆದಿಟ್ಟ ಫೈಲುಗಳನ್ನು ಸೇವ್ ಮಾಡಿಯೇ ಒತ್ತಿ. ಫಲಿತಾಂಶ ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಸಿಗುತ್ತದೆ.

ಎರಡನೇ ಅಭಿಪ್ರಾಯ ಬೇಕಿದ್ದರೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಒಳ್ಳೆಯದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಉಚಿತ ಬಾಟ್ ನಿವಾರಕಗಳು ಸಿಗುತ್ತವೆ.

ಸ್ಕ್ಯಾನ್ ‘ಏನೂ ಇಲ್ಲ’ ಅನ್ನುತ್ತದೆ, ನನ್ನ ಅನುಮಾನ ಹೋಗುತ್ತಿಲ್ಲ.

ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ತಾಣದಿಂದ ಆಟೋರನ್ಸ್ ಇಳಿಸಿಕೊಳ್ಳಿ. ವಿಂಡೋಸ್ ಜೊತೆ ತಾನಾಗಿ ಶುರುವಾಗುವ ಪ್ರತಿಯೊಂದನ್ನೂ ಅದು ಸಾಲಾಗಿ ತೋರಿಸುತ್ತದೆ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪಟ್ಟಿಗೆ ಬಾರದ ಶೆಡ್ಯೂಲ್ಡ್ ಟಾಸ್ಕ್, ಸರ್ವಿಸ್‌ಗಳೂ ಅದರಲ್ಲಿರುತ್ತವೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಆಪ್ಶನ್ಸ್‌ನಲ್ಲಿ ಮೈಕ್ರೋಸಾಫ್ಟ್ ಎಂಟ್ರಿಗಳನ್ನು ಮರೆಮಾಡಿ, ವೈರಸ್‌ಟೋಟಲ್ (ಫೈಲನ್ನು ಹತ್ತಾರು ಆಂಟಿವೈರಸ್‌ಗಳಿಂದ ಪರೀಕ್ಷಿಸುವ ತಾಣ) ತಪಾಸಣೆ ಆನ್ ಮಾಡಿ. ಆ್ಯಪ್‌ಡೇಟಾ ಅಥವಾ ಟೆಂಪ್ ಫೋಲ್ಡರಿನಿಂದ ಓಡುವ, ಪಬ್ಲಿಷರ್ ಹೆಸರಿಲ್ಲದ, ಅರ್ಥವಿಲ್ಲದ ಅಕ್ಷರಗಳ ಹೆಸರಿರುವ ಸಾಲುಗಳ ಮೇಲೆ ಕಣ್ಣಿಡಿ. ಅನುಮಾನ ಬಂದರೆ ಅಳಿಸಬೇಡಿ, ಟಿಕ್ ತೆಗೆಯಿರಿ ಸಾಕು. ತಪ್ಪಾಗಿದ್ದರೆ ವಾಪಸು ಹಾಕಬಹುದು.

ಹಾಗೆಯೇ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಪ್ರಾಕ್ಸಿ ನೋಡಿ. ಪ್ರಾಕ್ಸಿ ಎಂದರೆ ನಿಮ್ಮ ಇಂಟರ್ನೆಟ್ ಸಂಚಾರ ಹಾದುಹೋಗುವ ನಡುವಿನ ಸರ್ವರ್. ಮನೆಯಲ್ಲಿ ಮ್ಯಾನುಯಲ್ ಪ್ರಾಕ್ಸಿ ಆನ್ ಇರಲು ಸಾಮಾನ್ಯವಾಗಿ ಯಾವ ಕಾರಣವೂ ಇಲ್ಲ.

ವೈರಸ್‌ಟೋಟಲ್‌ಗೆ ನಿಮ್ಮ ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್ ಇರುವ ಪಿಡಿಎಫ್ ಹಾಕಬೇಡಿ. ಅಲ್ಲಿಗೆ ಹಾಕಿದ ಫೈಲನ್ನು ಭದ್ರತಾ ಕಂಪನಿಗಳು ಇಳಿಸಿಕೊಳ್ಳಬಹುದು.

ನುಡಿ, ಬರಹದಂಥ ಕನ್ನಡ ತಂತ್ರಾಂಶ ಹಾಕಿದಾಗ ಆಂಟಿವೈರಸ್ ಎಚ್ಚರಿಸಿದರೆ?

ಟೈಪಿಂಗ್ ತಂತ್ರಾಂಶ ನೀವು ಒತ್ತುವ ಕೀಗಳನ್ನು ನಡುದಾರಿಯಲ್ಲಿ ಹಿಡಿದು ಕನ್ನಡ ಅಕ್ಷರವಾಗಿ ಬದಲಿಸುತ್ತದೆ. ಒತ್ತಿದ ಕೀಗಳನ್ನು ಕದ್ದು ದಾಖಲಿಸುವ ಕೀಲಾಗರ್ ಕೂಡ ಕೀಗಳನ್ನು ಹಿಡಿಯುವುದು ಅದೇ ದಾರಿಯಲ್ಲಿ. ಆದ್ದರಿಂದ ಸುಳ್ಳು ಎಚ್ಚರಿಕೆ ಬರುವುದುಂಟು. ಆದರೆ ‘ಕನ್ನಡ ಫಾಂಟ್ ಪ್ಯಾಕ್’ ಎಂದು ಯಾವುದೋ ಡೌನ್‌ಲೋಡ್ ತಾಣದಿಂದಲೋ, ವಾಟ್ಸಾಪ್ ಗುಂಪಿನಿಂದಲೋ ಬಂದ ಇನ್‌ಸ್ಟಾಲರ್ ಎಚ್ಚರಿಕೆ ಕೊಟ್ಟರೆ ‘ಅದೆಲ್ಲ ಮಾಮೂಲು’ ಎಂದು ಅನುಮತಿ ಕೊಡಬೇಡಿ. ತಯಾರಕರ ಸ್ವಂತ ತಾಣದಿಂದ ಮತ್ತೆ ಇಳಿಸಿಕೊಂಡು ನೋಡಿ. ಬರೀ ಯುನಿಕೋಡ್ ಟೈಪಿಂಗ್ ಬೇಕಿದ್ದರೆ ಹೊರಗಿನ ತಂತ್ರಾಂಶವೇ ಬೇಡ: 2019ರ ಮೇ ಆವೃತ್ತಿಯಿಂದಲೇ ವಿಂಡೋಸ್ 10ರಲ್ಲಿ ಕನ್ನಡ ಫೊನೆಟಿಕ್ ಕೀಬೋರ್ಡ್ ಇದೆ.

ತೆರೆಯ ಬಲಮೂಲೆಯಲ್ಲಿ ‘5 ವೈರಸ್ ಪತ್ತೆ’ ಎಂದು ಬರುತ್ತಲೇ ಇದೆ.

ಬಹುತೇಕ ಇದು ವೈರಸ್ ಅಲ್ಲ, ಯಾವುದೋ ತಾಣಕ್ಕೆ ನೀವು ಕೊಟ್ಟ ನೋಟಿಫಿಕೇಶನ್ ಅನುಮತಿ. ಸಂದೇಶದಲ್ಲಿ ಕ್ರೋಮ್ ಅಥವಾ ಎಡ್ಜ್ ಎಂದೂ, ಪಕ್ಕದಲ್ಲಿ ಒಂದು ತಾಣದ ವಿಳಾಸವೂ ಇರುತ್ತದೆ. ಕ್ರೋಮ್ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ ಆ ವಿಳಾಸ ತೆಗೆದುಹಾಕಿ. ಆ ಸಂದೇಶದ ಮೇಲೆ ಒತ್ತಿ ‘ಕ್ಲೀನರ್’ ಇಳಿಸಿಕೊಂಡರೆ ಮಾತ್ರ ನಿಜವಾದ ವೈರಸ್ ಬರುತ್ತದೆ.

ಬ್ರೌಸರ್ ಎಕ್ಸ್‌ಟೆನ್ಶನ್‌ಗಳು?

ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ‘ಎಲ್ಲ ತಾಣಗಳಲ್ಲಿನ ಮಾಹಿತಿಯನ್ನು ಓದಿ ಬದಲಿಸುವ’ ಅನುಮತಿ ಪಡೆದ ಎಕ್ಸ್‌ಟೆನ್ಶನ್ ನಿಮ್ಮ ಬ್ಯಾಂಕ್ ಪುಟವನ್ನೂ ಓದಬಲ್ಲದು. ಇಂದು ಒಳ್ಳೆಯದಿದ್ದದ್ದು ನಾಳೆ ಬೇರೆಯವರ ಕೈಗೆ ಮಾರಾಟವಾಗಬಹುದು. ಲಕ್ಷಾಂತರ ಜನ ಬಳಸುತ್ತಿದ್ದ ದಿ ಗ್ರೇಟ್ ಸಸ್ಪೆಂಡರ್ ಹೀಗೆ ಮಾಲೀಕರು ಬದಲಾದ ಮೇಲೆ ಕೆಟ್ಟಿತು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಕಿತ್ತುಹಾಕಿತು.

ಮಕ್ಕಳೂ ಇದೇ ಕಂಪ್ಯೂಟರ್ ಬಳಸುತ್ತಾರೆ. ಏನು ಮಾಡಲಿ?

ಅವರಿಗೆ ಬೇರೆ ಖಾತೆ ಮಾಡಿಕೊಡಿ, ಸ್ಟ್ಯಾಂಡರ್ಡ್ ಯೂಸರ್ ಆಗಿ. ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್‌ನಲ್ಲಿ ಆಗುತ್ತದೆ. ನಿಮ್ಮ ದಿನಬಳಕೆಯ ಖಾತೆಯೂ ಸ್ಟ್ಯಾಂಡರ್ಡ್ ಇದ್ದು, ಅಡ್ಮಿನಿಸ್ಟ್ರೇಟರ್ ಖಾತೆ ಬೇರೆ ಇದ್ದರೆ ಇನ್ನೂ ಮೇಲು. ಇದರ ಮಿತಿಯೂ ತಿಳಿದಿರಲಿ: ಬ್ರೌಸರ್ ಪಾಸ್‌ವರ್ಡ್ ಕದಿಯಲು ಇನ್ಫೋಸ್ಟೀಲರಿಗೆ ಅಡ್ಮಿನ್ ಹಕ್ಕು ಬೇಕಿಲ್ಲ, ಯಾವ ಖಾತೆಯಲ್ಲಿ ಓಡಿತೋ ಆ ಖಾತೆಯದ್ದನ್ನು ಅದು ಕದಿಯುತ್ತದೆ. ಆದರೆ ಮಗ ತನ್ನ ಖಾತೆಯಲ್ಲಿ ಆಟದ ಚೀಟ್ ಓಡಿಸಿದರೆ ನಿಮ್ಮ ಖಾತೆಯ ಬ್ರೌಸರಿಗೆ ಅದರ ಕೈ ಎಟುಕುವುದಿಲ್ಲ, ಡಿಫೆಂಡರ್ ಆಫ್ ಮಾಡಲೂ ಆಗುವುದಿಲ್ಲ. ಅಡ್ಮಿನ್ ಪಾಸ್‌ವರ್ಡ್ ಅವನಿಗೆ ಗೊತ್ತಿಲ್ಲದಿದ್ದರೆ, ಅಷ್ಟೇ.

ಕಳುವಾಗಿದೆ ಅನ್ನಿಸುತ್ತಿದೆ. ಯಾವ ಕ್ರಮದಲ್ಲಿ ಏನು ಮಾಡಲಿ?

ಅದೇ ಕಂಪ್ಯೂಟರಿನಲ್ಲಿ ಕೂತು ಪಾಸ್‌ವರ್ಡ್ ಬದಲಿಸಬೇಡಿ. ಹೊಸದೂ ಕಳ್ಳನಿಗೇ ಹೋಗಬಹುದು. ಮೊಬೈಲ್ ಅಥವಾ ಬೇರೆ ಕಂಪ್ಯೂಟರ್ ಹಿಡಿಯಿರಿ.

ಮೊದಲು ಮುಖ್ಯ ಇಮೇಲ್. ಉಳಿದೆಲ್ಲ ಖಾತೆಗಳ ‘ಪಾಸ್‌ವರ್ಡ್ ಮರೆತೆ’ ಕೊಂಡಿ ಬರುವುದು ಅಲ್ಲಿಗೇ. ಪಾಸ್‌ವರ್ಡ್ ಬದಲಿಸಿದ ಮೇಲೆ ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ‘ಯುವರ್ ಡಿವೈಸಸ್’ ತೆರೆದು ಎಲ್ಲ ಸಾಧನಗಳನ್ನೂ ಸೈನ್ ಔಟ್ ಮಾಡಿ. ಕದ್ದ ಕುಕಿಯ ಜೀವ ತೆಗೆಯುವುದು ಈ ಸೈನ್ ಔಟ್. ನಂತರ ರಿಕವರಿ ಫೋನ್, ರಿಕವರಿ ಇಮೇಲ್ ನಿಮ್ಮದೇ ಹೌದೇ ನೋಡಿ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ಸ್ ಎರಡನ್ನೂ ತೆರೆದು ನೋಡಿ: ಬ್ಯಾಂಕಿನ ಮೇಲ್‌ಗಳನ್ನು ತನಗೆ ಕಳಿಸಿಕೊಂಡು ನಿಮ್ಮ ಇನ್‌ಬಾಕ್ಸಿನಿಂದ ಅಳಿಸುವ ನಿಯಮವನ್ನು ಕಳ್ಳ ಅಲ್ಲಿ ಬರೆದಿಟ್ಟು ಹೋಗಿರಬಹುದು, ಪಾಸ್‌ವರ್ಡ್ ಬದಲಿಸಿದರೂ ಅದು ಉಳಿಯುತ್ತದೆ.

ಆಮೇಲೆ ಬ್ಯಾಂಕ್, ಕಾರ್ಡ್. ಆಮೇಲೆ ವಾಟ್ಸಾಪಿನ ಲಿಂಕ್ಡ್ ಡಿವೈಸಸ್, ಟೆಲಿಗ್ರಾಂ ಸೆಷನ್ಸ್, ಫೇಸ್‌ಬುಕ್. ಮುಂದಕ್ಕೆ ಬ್ಯಾಂಕ್ ಪಾಸ್‌ವರ್ಡನ್ನು ಬ್ರೌಸರಿನಲ್ಲಿ ಉಳಿಸಬೇಡಿ, ಬಿಟ್‌ವಾರ್ಡನ್ ಅಥವಾ ಕೀಪಾಸ್ ಥರದ ಪಾಸ್‌ವರ್ಡ್ ಮ್ಯಾನೇಜರ್ ಇಟ್ಟುಕೊಳ್ಳಿ.

ಫಾರ್ಮ್ಯಾಟ್ ಮಾಡಲೇಬೇಕೇ?

ಬರೀ ಟೂಲ್‌ಬಾರ್, ಜಾಹೀರಾತಿನ ಕಾಟವಾದರೆ ಬೇಡ. ಕ್ರ್ಯಾಕ್ ಓಡಿಸಿದ್ದರೆ, ಕ್ಲಿಕ್‌ಫಿಕ್ಸ್ ಸಾಲನ್ನು ಅಂಟಿಸಿದ್ದರೆ, ಅಪರಿಚಿತರಿಗೆ ದೂರದಿಂದ ಕಂಪ್ಯೂಟರ್ ನಡೆಸಲು ಬಿಟ್ಟಿದ್ದರೆ ಮಾಡಿಬಿಡುವುದೇ ವಾಸಿ. ಏನೇನು ಉಳಿದಿದೆ ಎಂದು ಹುಡುಕುವ ಹೊತ್ತಿಗಿಂತ ಇದು ಬೇಗ ಮುಗಿಯುತ್ತದೆ. ಫೋಟೋ, ದಾಖಲೆಗಳನ್ನು ಮಾತ್ರ ಹೊರಗಿನ ಡ್ರೈವಿಗೆ ತೆಗೆಯಿರಿ, ಇನ್‌ಸ್ಟಾಲರುಗಳನ್ನು ಬಿಡಿ. ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿ, ರೀಸೆಟ್ ದಿಸ್ ಪಿಸಿ, ರಿಮೂವ್ ಎವೆರಿಥಿಂಗ್. ಕ್ಲೌಡ್ ಡೌನ್‌ಲೋಡ್ ಆಯ್ದರೆ 4 ಜಿಬಿಗೂ ಹೆಚ್ಚು ಡೇಟಾ ಬೇಕು. ಇನ್ನೂ ಶುದ್ಧವಾಗಿ ಬೇಕಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಮೀಡಿಯಾ ಕ್ರಿಯೇಶನ್ ಟೂಲ್ ಬಳಸಿ 8 ಜಿಬಿ ಪೆನ್‌ಡ್ರೈವಿಗೆ ವಿಂಡೋಸ್ ಹಾಕಿ, ಅದರಿಂದ ಇನ್‌ಸ್ಟಾಲ್ ಮಾಡಿ. ಅಂಗಡಿಗೆ ಕೊಟ್ಟರೆ ಒಂದು ಮಾತು ಮೊದಲೇ ಹೇಳಿ: ಆಕ್ಟಿವೇಟರ್ ಹಾಕಬೇಡಿ ಎಂದು. ಇಲ್ಲದಿದ್ದರೆ ಹೊಸ ವಿಂಡೋಸ್ ಜೊತೆ ಹಳೆಯ ಕಾಯಿಲೆಯೂ ಮನೆಗೆ ಬಂದೀತು.

ಝೆರಾಕ್ಸ್ ಅಂಗಡಿಗೆ ಕೊಟ್ಟ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿವೆ.

ಆ ಶಾರ್ಟ್‌ಕಟ್ ಒತ್ತಬೇಡಿ, ಒತ್ತಿದರೆ ನಿಮ್ಮ ಕಂಪ್ಯೂಟರಿಗೂ ಅಂಟುತ್ತದೆ. ನಿಮ್ಮ ಫೈಲುಗಳು ಅಲ್ಲೇ ಅಡಗಿವೆ. ಮೊದಲು ಡ್ರೈವಿನ ಮೇಲೆ ಬಲಕ್ಲಿಕ್ ಮಾಡಿ ಸ್ಕ್ಯಾನ್ ಮಾಡಿ. ನಂತರ ಫೋಲ್ಡರ್ ಆಪ್ಶನ್ಸ್‌ನ ವ್ಯೂ ಟ್ಯಾಬಿನಲ್ಲಿ ಹಿಡನ್ ಫೈಲುಗಳನ್ನು ತೋರಿಸುವಂತೆ ಮಾಡಿ, ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಂ ಫೈಲ್ಸ್’ ಟಿಕ್ ತೆಗೆಯಿರಿ. ಫೈಲುಗಳನ್ನು ನಕಲಿಸಿಕೊಂಡು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ, ತೆಗೆದ ಟಿಕ್ ಮರಳಿ ಹಾಕಿ. ಮುದ್ರಣಕ್ಕಷ್ಟೇ ಆದರೆ ಆ ಒಂದು ಪಿಡಿಎಫ್ ಮಾತ್ರ ಇರುವ ಪೆನ್‌ಡ್ರೈವ್ ಒಯ್ಯಿರಿ.

ಬ್ಯಾಂಕಿನವರು ಎಂದು ಹೇಳಿ ಎನಿಡೆಸ್ಕ್ ಹಾಕಿಸಿದರು.

ಎನಿಡೆಸ್ಕ್, ಟೀಮ್‌ವ್ಯೂವರ್ ಇವು ದೂರದಿಂದಲೇ ಕಂಪ್ಯೂಟರ್ ನಡೆಸುವ (ರಿಮೋಟ್) ಅಸಲಿ ತಂತ್ರಾಂಶಗಳೇ, ಹಾಗಾಗಿ ಆಂಟಿವೈರಸ್ ಸುಮ್ಮನಿರುತ್ತದೆ. ಇಂಟರ್ನೆಟ್ ಕಡಿದು ಅನ್‌ಇನ್‌ಸ್ಟಾಲ್ ಮಾಡಿ. ಅಷ್ಟಕ್ಕೇ ಬಿಡಬೇಡಿ, ಸಂಪರ್ಕದಲ್ಲಿದ್ದಾಗ ಇನ್ನೊಂದು ರಿಮೋಟ್ ತಂತ್ರಾಂಶ ಹಾಕಿರುವುದು ಸಾಮಾನ್ಯ. ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ, ಅಂದು ಬಂದದ್ದನ್ನೆಲ್ಲ ತೆಗೆಯಿರಿ.

ಮನೆಯವರೇ ಯಾರೋ ನನ್ನ ಕಂಪ್ಯೂಟರ್ ಮೇಲೆ ನಿಗಾ ಇಟ್ಟಿರಬಹುದೇ?

ಆಗುವುದುಂಟು. ಡೆಸ್ಕ್‌ಟಾಪ್ ಆಗಿದ್ದರೆ ಕೀಬೋರ್ಡ್ ವೈರಿಗೂ ಯುಎಸ್‌ಬಿ ಕಿಂಡಿಗೂ ನಡುವೆ ಸಣ್ಣ ಅಡಾಪ್ಟರ್ ಥರದ್ದು ಸಿಕ್ಕಿಸಿದೆಯೇ ನೋಡಿ. ಹಾರ್ಡ್‌ವೇರ್ ಕೀಲಾಗರ್ ಹಾಗಿರುತ್ತದೆ, ಯಾವ ಸ್ಕ್ಯಾನಿಗೂ ಸಿಗುವುದಿಲ್ಲ. ಆದರೆ ಕಂಡದ್ದನ್ನು ತಕ್ಷಣ ತೆಗೆಯುವುದು ಎಲ್ಲ ಸಂದರ್ಭದಲ್ಲೂ ಜಾಣತನವಲ್ಲ. ತೆಗೆದರೆ ಇಟ್ಟವರಿಗೆ ಗೊತ್ತಾಗುತ್ತದೆ, ಸಾಕ್ಷ್ಯವೂ ಹೋಗುತ್ತದೆ. ಜಗಳ, ಹಿಂಸೆಯ ಹಿನ್ನೆಲೆ ಇದ್ದರೆ ಅವರ ಕೈಗೆ ಸಿಗದ ಫೋನಿನಿಂದ ವಕೀಲರನ್ನೋ ಪೊಲೀಸರನ್ನೋ ಮಾತಾಡಿಸಿ, ಫೋಟೋ ತೆಗೆದಿಡಿ. ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕ ಇಲ್ಲವೇ ವಂಚನೆಯ ಉದ್ದೇಶದಿಂದ ಇನ್ನೊಬ್ಬರ ಕಂಪ್ಯೂಟರಿನಿಂದ ಮಾಹಿತಿ ತೆಗೆಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43 ಮತ್ತು 66ನೇ ಸೆಕ್ಷನ್ನಿನಡಿ ಅಪರಾಧ: ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ವೆಬ್‌ಕ್ಯಾಮಿಗೆ ಟೇಪ್ ಹಚ್ಚಬೇಕೇ?

ಹಚ್ಚಿ, ಖರ್ಚಿಲ್ಲದ ಕೆಲಸ. ಆದರೆ ಮೈಕಿಗೆ ಟೇಪ್ ನಡೆಯುವುದಿಲ್ಲ. ಪ್ರೈವಸಿ ಅಂಡ್ ಸೆಕ್ಯುರಿಟಿಯಲ್ಲಿ ಮೈಕ್ರೋಫೋನ್ ಪುಟ ತೆರೆದು ಬೇಡದ ಆ್ಯಪ್‌ಗಳ ಅನುಮತಿ ತೆಗೆಯಿರಿ.

ವಿಂಡೋಸ್ 10 ಇನ್ನೂ ಬಳಸಬಹುದೇ?

ಅದಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರ ವಿಸ್ತೃತ ಭದ್ರತಾ ಯೋಜನೆಗೆ ವಿಂಡೋಸ್ ಅಪ್‌ಡೇಟ್ ಪುಟದಿಂದಲೇ ಸೇರಬಹುದಾದ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ಮಾಡಿತು, 2026ರ ಅಕ್ಟೋಬರ್ 13ರವರೆಗಿನ ಅಪ್‌ಡೇಟ್‌ಗಳಿಗಾಗಿ. ವಿಂಡೋಸ್ 11 ಹಿಡಿಸದ ಹಳೆಯ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿದರೆ ಬ್ರೌಸಿಂಗ್, ಪತ್ರ ಬರೆಯುವುದು, ಸಿನಿಮಾ ನೋಡುವುದಕ್ಕೆ ಏನೂ ಕೊರತೆಯಿಲ್ಲ.

ಮ್ಯಾಕ್ ಇದ್ದರೆ ಚಿಂತೆಯಿಲ್ಲವೇ?

ಇದೆ. ಮ್ಯಾಕ್‌ಗೆಂದೇ ಬರೆದ ಅಟಾಮಿಕ್ ಸ್ಟೀಲರ್ 2023ರಿಂದ ಓಡಾಡುತ್ತಿದೆ, ಅದರ ದಾರಿಯೂ ಕ್ರ್ಯಾಕ್ ಮತ್ತು ನಕಲಿ ಜಾಹೀರಾತುಗಳೇ. ಟರ್ಮಿನಲ್ ತೆರೆದು ಏನನ್ನೋ ಅಂಟಿಸಿ ಎನ್ನುವ ಪುಟವನ್ನು ಮುಚ್ಚಿ.

ದುಡ್ಡು ಹೋಗಿದೆ. ಎಲ್ಲಿಗೆ ದೂರು ಕೊಡಬೇಕು?

ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ಹಣ ಇನ್ನೂ ಖಾತೆಯಿಂದ ಖಾತೆಗೆ ಹಾರುತ್ತಿರುವಾಗಲೇ ತಡೆಹಿಡಿಯುವ ಸಾಧ್ಯತೆ ಇರುವುದು ಆರಂಭದ ಗಂಟೆಗಳಲ್ಲಿ. ಜೊತೆಗೇ ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದಾಖಲಿಸಿ. ಕರ್ನಾಟಕದಲ್ಲಿ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೂ ಹೋಗಬಹುದು. ರಿಸರ್ವ್ ಬ್ಯಾಂಕಿನ 2017ರ ನಿಯಮದ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲದೆ ನಿಮ್ಮದೂ ಅಲ್ಲದೆ ಹೊರಗಿನವರ ಕೈವಾಡದಿಂದ ಹಣ ಹೋಗಿದ್ದು, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಮೇಲೆ ನಷ್ಟದ ಹೊಣೆ ಇಲ್ಲ. ಒಟಿಪಿ, ಪಾಸ್‌ವರ್ಡನ್ನು ನೀವೇ ಹೇಳಿದ್ದರೆ, ತಿಳಿಸುವವರೆಗಿನ ನಷ್ಟ ನಿಮ್ಮದೇ. ತಿಳಿಸಿದ ನಂತರದ್ದು ಬ್ಯಾಂಕಿನದು. ಆದ್ದರಿಂದ ಕರೆ ಮಾಡಿದ ಸಮಯವನ್ನು ಬರೆದಿಡಿ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವುದು ದೂರಿನ ನಂತರ.